ಮಸಿ ಹೋದ ದಾರಿಯಲ್ಲೇ: ಶ್ವಾಸಕೋಶದ ಕ್ಯಾನ್ಸರ್ ಮತ್ತು ದುಗ್ಧನಾಳಗಳು

ಆಪರೇಷನ್‌ನಲ್ಲಿ ತೆಗೆದ ಶ್ವಾಸಕೋಶದ ಭಾಗ ಪೆಥಾಲಜಿ ಲ್ಯಾಬಿಗೆ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಬರುತ್ತದೆ. ಒಂದು ರಾತ್ರಿ ಅದರಲ್ಲೇ ನೆನೆಯಬೇಕು. ಮಾರನೇ ದಿನ ಹಲಗೆ ಮೇಲಿಟ್ಟು ಕೊಯ್ಯುತ್ತೇವೆ. ಗಡ್ಡೆ ಎಷ್ಟು ಸೆಂಟಿಮೀಟರ್ ಇದೆ ಅಂತ ಅಳೆದು ಬರೆಯುವುದು ಐದು ನಿಮಿಷದ ಕೆಲಸ. ತಾಳ್ಮೆ ಬೇಕಾಗುವುದು ಆಮೇಲೆ. ಶ್ವಾಸನಾಳದ ಸುತ್ತಮುತ್ತ, ಕೊಬ್ಬಿನ ನಡುವೆ ಬೆರಳಾಡಿಸಿ ಪುಟ್ಟ ಗಂಟುಗಳಂತಿರುವ ಲಿಂಫ್ ನೋಡ್‌ಗಳನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕು. ಕೆಲವು ಹೆಸರುಕಾಳಿನಷ್ಟಿರುತ್ತವೆ, ಕೆಲವು ಹುಣಸೆಬೀಜದಷ್ಟು. ಸೀಳಿ ನೋಡಿದರೆ ಒಳಗೆ ಇದ್ದಿಲಿನ ಹಾಗೆ ಕಪ್ಪು.

ಲ್ಯಾಬಿಗೆ ಹೊಸದಾಗಿ ಬಂದವರು ಇದನ್ನು ಕಂಡು ಗಾಬರಿಯಾಗುತ್ತಾರೆ. "ಇಷ್ಟು ಕಪ್ಪಗಿದೆಯಲ್ಲ ಮೇಡಂ, ಇದು ಕ್ಯಾನ್ಸರ್ರಾ?" ಅಂತ ಕೇಳುತ್ತಾರೆ. ಅಲ್ಲ. ಅದು ಮಸಿ. ಬೀಡಿ ಸೇದಿದವರಲ್ಲಿ, ಸಿಗರೇಟು ಸೇದಿದವರಲ್ಲಿ ಜಾಸ್ತಿ. ಜೀವನದಲ್ಲಿ ಒಂದೇ ಒಂದು ಬೀಡಿ ಮುಟ್ಟದ, ಆದರೆ ನಲವತ್ತು ವರ್ಷ ಸೌದೆ ಒಲೆ ಊದಿದ ಅಜ್ಜಿಯರಲ್ಲೂ ಅಷ್ಟೇ ಕಪ್ಪು. ಪೇಟೆಯ ಗಾಳಿ ಕುಡಿದ ನಮ್ಮೆಲ್ಲರ ಎದೆಯೊಳಗೂ ಸ್ವಲ್ಪ ಇದ್ದೇ ಇರುತ್ತದೆ.

ಉಸಿರಿನ ಜೊತೆ ಶ್ವಾಸಕೋಶದ ತುದಿಗೆ ಹೋದ ಮಸಿ ಈ ಗಂಟಿನೊಳಗೆ ಬಂದು ಸೇರಿದ್ದು ಹೇಗೆ? ಕಸ ಗುಡಿಸುವ ಒಂದು ಜಾತಿಯ ಬಿಳಿ ರಕ್ತಕಣಗಳು ಮಸಿಯನ್ನು ನುಂಗುತ್ತವೆ. ನುಂಗಿಕೊಂಡು ದುಗ್ಧನಾಳ ಅನ್ನುವ ಸಣ್ಣ ಕೊಳವೆಗಳಿಗೆ ಇಳಿಯುತ್ತವೆ. ಅಲ್ಲಿಂದ ತೇಲಿಕೊಂಡು ನೋಡ್‌ಗೆ ಬಂದು ಕೂರುತ್ತವೆ. ಶ್ವಾಸಕೋಶದ ಕ್ಯಾನ್ಸರ್ ಹರಡಲು ಹೆಚ್ಚಾಗಿ ಹಿಡಿಯುವ ದಾರಿಗಳಲ್ಲಿ ಇದೂ ಒಂದು. ಮಸಿ ಬಂದ ಕೊಳವೆಯಲ್ಲೇ ಕ್ಯಾನ್ಸರ್ ಕೋಶವೂ ಬರುತ್ತದೆ. "ಸ್ಟೇಜ್ ಎಷ್ಟು ಡಾಕ್ಟ್ರೇ?" ಅಂತ ಮನೆಯವರು ಕೇಳುತ್ತಾರಲ್ಲ, ಆ ಪ್ರಶ್ನೆಯ ಅರ್ಧ ಉತ್ತರ ಈ ಕಪ್ಪು ಗಂಟುಗಳಲ್ಲೇ ಇರುತ್ತದೆ.

ದುಗ್ಧನಾಳ ಅಂದರೆ ಏನು ಅಂತ ಮೊದಲು ಹೇಳುತ್ತೇನೆ. ಮಲೆನಾಡಿನ ಅಡಿಕೆ ತೋಟ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ತೋಟಕ್ಕೆ ನೀರು ತರುವುದು ಒಂದು ವ್ಯವಸ್ಥೆ. ಮಳೆಗಾಲದಲ್ಲಿ ಬುಡದಲ್ಲಿ ನಿಂತ ನೀರನ್ನು ಹೊರಗೆ ಬಿಡಲು ಸಾಲುಗಳ ನಡುವೆ ತೋಡಿದ ಬಸಿಗಾಲುವೆ ಇನ್ನೊಂದು ವ್ಯವಸ್ಥೆ. ಬಸಿಗಾಲುವೆ ಮುಚ್ಚಿಹೋದರೆ ತೋಟ ಕೊಳೆಯುತ್ತದೆ. ನಮ್ಮ ಮೈಯಲ್ಲೂ ಹಾಗೇ. ರಕ್ತನಾಳದಿಂದ ಸ್ವಲ್ಪ ಸ್ವಲ್ಪವೇ ದ್ರವ ಸುತ್ತಲಿನ ಮಾಂಸಕ್ಕೆ ಜಿನುಗುತ್ತಿರುತ್ತದೆ. ಮತ್ತೆ ರಕ್ತಕ್ಕೆ ನೇರವಾಗಿ ಮರಳದೆ ಉಳಿದದ್ದನ್ನು ದುಗ್ಧನಾಳಗಳು ಬಸಿದುಕೊಂಡು ಹೋಗಿ, ಕುತ್ತಿಗೆ ಬುಡದ ದೊಡ್ಡ ಅಭಿಧಮನಿಗೆ ಸುರಿಯುತ್ತವೆ. ದಿನಕ್ಕೆ ಸುಮಾರು 2ರಿಂದ 4 ಲೀಟರ್. ದಾರಿ ಮಧ್ಯೆ ಅಲ್ಲಲ್ಲಿ ಇರುವ ಜರಡಿಗಳೇ ಲಿಂಫ್ ನೋಡ್. ಈ ಕಾಲುವೆ ಕಟ್ಟಿಕೊಂಡರೆ ಏನಾಗುತ್ತದೆ ಅಂತ ನಮ್ಮ ಕಲ್ಯಾಣ ಕರ್ನಾಟಕದ, ಕರಾವಳಿಯ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಆನೆಕಾಲು ರೋಗದ ಹುಳ ಮನೆ ಮಾಡುವುದು ಇದೇ ನಾಳಗಳಲ್ಲಿ.

ದುಗ್ಧ ಅಂದರೆ ಹಾಲು. ನೀರಿನ ಹಾಗಿರುವ ಈ ದ್ರವಕ್ಕೆ ಹಾಲಿನ ಹೆಸರು ಯಾಕೆ ಬಂತು ಅಂತ ನಾನು ಓದುವಾಗ ತುಂಬ ಸಲ ಯೋಚಿಸಿದ್ದೆ. 1622ರ ಜುಲೈನಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಅನ್ನುವ ವೈದ್ಯರು ಆಗಷ್ಟೇ ಹೊಟ್ಟೆ ತುಂಬ ತಿಂದಿದ್ದ ನಾಯಿಯೊಂದರ ಹೊಟ್ಟೆ ಕೊಯ್ದು ನೋಡುತ್ತಿದ್ದರು. ಕರುಳಿನ ಪಕ್ಕದಲ್ಲಿ ಬಿಳಿ ದಾರಗಳ ಹಾಗೆ ಏನೋ ಕಂಡಿತು. ಮೊದಲು ನರ ಅಂದುಕೊಂಡರು. ಒಂದನ್ನು ಚುಚ್ಚಿದರೆ ಹಾಲಿನಂಥ ದ್ರವ ಬಂತು. ಊಟದ ಕೊಬ್ಬನ್ನು ಹೊತ್ತೊಯ್ಯುತ್ತಿದ್ದ ದುಗ್ಧನಾಳಗಳು ಅವು. ಹೊಟ್ಟೆ ಖಾಲಿ ಇದ್ದಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಈ ನಾಳಗಳ ದೊಡ್ಡ ತೊಡಕೇ ಇದು. ಬಣ್ಣ ಇಲ್ಲ, ಗೋಡೆ ತೀರಾ ತೆಳು, ರಕ್ತ ತುಂಬಿಕೊಂಡಿರುವುದಿಲ್ಲ. ಹಾಗಾಗಿ ಮುಂದಿನ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ರಕ್ತನಾಳದ ಬಗ್ಗೆ ನಡೆದಷ್ಟು ಕೆಲಸ ಇವುಗಳ ಬಗ್ಗೆ ನಡೆಯಲೇ ಇಲ್ಲ.

ಶ್ವಾಸಕೋಶದೊಳಗೆ ಇವುಗಳ ಹರವು ಸ್ವಲ್ಪ ವಿಚಿತ್ರ. ಗಾಳಿ ತುಂಬುವ ಪುಟ್ಟ ಚೀಲಗಳ ಗೋಡೆಯಲ್ಲಿ ದುಗ್ಧನಾಳ ಇರುವುದಿಲ್ಲ. ಆಮ್ಲಜನಕ ದಾಟಬೇಕಾದ ಗೋಡೆ ಅದು, ಆದಷ್ಟು ತೆಳ್ಳಗಿರಬೇಕು. ಅದಕ್ಕಿಂತ ಸ್ವಲ್ಪ ಹಿಂದೆ, ಸಣ್ಣ ಶ್ವಾಸನಾಳಗಳ ಹತ್ತಿರ ಇವು ಶುರುವಾಗುತ್ತವೆ. ಒಂದು ಗುಂಪು ಶ್ವಾಸನಾಳ ಮತ್ತು ರಕ್ತನಾಳಗಳ ಜೊತೆಜೊತೆಗೇ ಒಳಮುಖವಾಗಿ ಸಾಗುತ್ತದೆ. ಇನ್ನೊಂದು ಗುಂಪು ಶ್ವಾಸಕೋಶದ ಹೊರಪೊರೆಯ ಕೆಳಗೆ ಬಲೆಯ ಹಾಗೆ ಹರಡಿರುತ್ತದೆ. ಈ ಪೊರೆಗೆ ಪ್ಲೂರಾ ಅನ್ನುತ್ತಾರೆ. ಚಿಕ್ಕ ಗಡ್ಡೆಯಾದರೂ ಪ್ಲೂರಾದೊಳಗೆ ನುಗ್ಗಿದ್ದರೆ ಸ್ಟೇಜಿಂಗ್‌ನಲ್ಲಿ ಅದನ್ನು ಒಂದು ಮೆಟ್ಟಿಲು ಮೇಲೆ ಹಾಕುತ್ತಾರೆ. ಅಲ್ಲಿನ ಈ ದಟ್ಟ ಬಲೆಯನ್ನು ನೆನೆಸಿಕೊಂಡರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಎರಡೂ ಗುಂಪು ಕೊನೆಗೆ ಶ್ವಾಸಕೋಶದ ಬಾಗಿಲಿಗೆ ಬರುತ್ತವೆ. ಶ್ವಾಸನಾಳವೂ ರಕ್ತನಾಳಗಳೂ ಒಳಹೋಗುವ ಜಾಗ ಅದು, ಹೈಲಮ್ ಅಂತ ಹೆಸರು. ಅಲ್ಲಿಂದ ಮುಂದೆ ಎರಡು ಶ್ವಾಸಕೋಶಗಳ ನಡುವಿನ ಜಾಗಕ್ಕೆ, ಅಂದರೆ ಮೀಡಿಯಾಸ್ಟೈನಮ್‌ಗೆ. ಈ ದಾರಿಯುದ್ದಕ್ಕೂ ಇರುವ ನೋಡ್‌ಗಳಿಗೆ ಬಸ್ ಸ್ಟಾಪ್‌ಗಳ ಹಾಗೆ ನಂಬರ್ ಕೊಟ್ಟಿದ್ದಾರೆ. ಜಪಾನಿನ ಸರ್ಜನ್ ತ್ಸುಗುವೊ ನರುಕೆ 1978ರಲ್ಲಿ ಪ್ರಕಟಿಸಿದ ನಕ್ಷೆಯಿಂದ ಈ ಪದ್ಧತಿ ಬೆಳೆಯಿತು. ಈಗ 1ರಿಂದ 14ರವರೆಗೆ ನಂಬರ್‌ಗಳಿವೆ. ಗಡ್ಡೆ ಇರುವ ಕಡೆಯ ಲೆಕ್ಕ ಮಾತ್ರ ಹೇಳುವುದಾದರೆ, ಎರಡಂಕಿಯ ನೋಡ್‌ಗಳು ಶ್ವಾಸಕೋಶದ ಒಳಗಿನವು ಮತ್ತು ಬಾಗಿಲಿನವು. ಕೊರಳೆಲುಬಿನ ಹತ್ತಿರದ 1ನೇ ನಂಬರ್ ಬಿಟ್ಟರೆ ಒಂದಂಕಿಯವು ಮೀಡಿಯಾಸ್ಟೈನಮ್‌ನವು. ಶ್ವಾಸನಾಳ ಕವಲೊಡೆಯುವ ಜಾಗದ ಕೆಳಗೆ ಕೂತಿರುವ 7ನೇ ನಂಬರಂತೂ ನಮಗೆಲ್ಲ ಬಹಳ ಪರಿಚಿತ.

ರಿಪೋರ್ಟಿನಲ್ಲಿ ಬರೆಯುವ ಎನ್0, ಎನ್1, ಎನ್2, ಎನ್3 ಇದೇ ನಕ್ಷೆಯ ಮೇಲೆ ನಿಂತಿದೆ. ಯಾವ ನೋಡ್‌ನಲ್ಲೂ ಕ್ಯಾನ್ಸರ್ ಇಲ್ಲದಿದ್ದರೆ ಎನ್0. ಅದೇ ಶ್ವಾಸಕೋಶದ ಒಳಗೋ ಬಾಗಿಲಲ್ಲೋ ಇದ್ದರೆ ಎನ್1. ಅದೇ ಪಕ್ಕದ ಮೀಡಿಯಾಸ್ಟೈನಮ್ ಅಥವಾ ಕವಲಿನ ಕೆಳಗಿನ ನೋಡ್ ಆದರೆ ಎನ್2. ಎದುರು ಪಕ್ಕಕ್ಕೆ ದಾಟಿದ್ದರೆ, ಇಲ್ಲವೇ ಕೊರಳೆಲುಬಿನ ಮೇಲೆ ಬಂದಿದ್ದರೆ ಎನ್3.

ಈ ನಾಲ್ಕು ಅಕ್ಷರಗಳ ತೂಕ ಎಷ್ಟು ಅಂತ ನೋಡಿ. ಸ್ಟೇಜಿಂಗ್‌ನ ಎಂಟನೇ ಆವೃತ್ತಿಗಾಗಿ ಹಲವು ದೇಶಗಳಿಂದ ಮಾಹಿತಿ ಕೂಡಿಸಿದ್ದರು. ರೋಗಿಗಳು 1999ರಿಂದ 2010ರವರೆಗಿನವರು. ಆಪರೇಷನ್ ಆಗಿ, ನೋಡ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ತೀರ್ಮಾನಿಸಿದವರಲ್ಲಿ ಐದು ವರ್ಷ ಬದುಕಿದವರು ಎನ್0 ಇದ್ದರೆ ನೂರಕ್ಕೆ 75, ಎನ್1 ಇದ್ದರೆ 49, ಎನ್2 ಇದ್ದರೆ 36, ಎನ್3 ಇದ್ದರೆ 20. ಈಗಿನ ಎಷ್ಟೋ ಔಷಧಿಗಳು ಬರುವ ಮೊದಲಿನ ಲೆಕ್ಕ ಇದು. ಹಾಗಾಗಿ ಈ ಅಂಕಿಯನ್ನು ನಿಮ್ಮ ಮನೆಯವರ ಆಯಸ್ಸಿನ ಲೆಕ್ಕ ಅಂತ ದಯವಿಟ್ಟು ಓದಬೇಡಿ. ಮೆಟ್ಟಿಲು ಎಷ್ಟು ಕಡಿದಾಗಿದೆ ಅನ್ನುವುದನ್ನು ಮಾತ್ರ ಗಮನಿಸಿ. 2025ರ ಜನವರಿಯಿಂದ ಬಂದ ಒಂಬತ್ತನೇ ಆವೃತ್ತಿಯಲ್ಲಿ ಎನ್2ವನ್ನೂ ಎರಡು ಮಾಡಿದ್ದಾರೆ. ಒಂದೇ ನಂಬರಿನ ಸ್ಟೇಷನ್‌ನಲ್ಲಿ ಇದ್ದರೆ ಎನ್2ಎ, ಒಂದಕ್ಕಿಂತ ಜಾಸ್ತಿ ಕಡೆ ಇದ್ದರೆ ಎನ್2ಬಿ. ಎರಡರ ಮುಂದಿನ ಹಾದಿ ಬೇರೆ ಬೇರೆ ಅಂತ ಮಾಹಿತಿಯೇ ತೋರಿಸಿತು.

ಇನ್ನು ಮುಖ್ಯ ಪ್ರಶ್ನೆ. ಕ್ಯಾನ್ಸರ್ ಮೊದಲೇ ಇರುವ ಕಾಲುವೆಯಲ್ಲೇ ಹೋಗುತ್ತದೋ, ಹೊಸ ಕಾಲುವೆ ತೋಡಿಸಿಕೊಳ್ಳುತ್ತದೋ?

ರಕ್ತನಾಳದ ವಿಷಯದಲ್ಲಿ ಉತ್ತರ ಮೊದಲೇ ಗೊತ್ತಿತ್ತು. ಗಡ್ಡೆ ಬೆಳೆಯಲು ಊಟ ಬೇಕು, ಅದಕ್ಕೆ ಹೊಸ ರಕ್ತನಾಳಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ದುಗ್ಧನಾಳವೂ ಹಾಗೆ ಬೆಳೆಯುತ್ತದಾ ಅಂತ ನೋಡಬೇಕಾದರೆ ಮೊದಲು ಅದು ಕಣ್ಣಿಗೆ ಕಾಣಬೇಕಲ್ಲ. ಸಾಧಾರಣ ಸ್ಲೈಡಿನಲ್ಲಿ ದುಗ್ಧನಾಳ ಅಂದರೆ ಗುಲಾಬಿ ಮಾಂಸದ ನಡುವೆ ಒಂದು ಬಿರುಕಿನ ಹಾಗೆ. ನಿಜವಾದ ನಾಳವೋ, ಒಣಗುವಾಗ ಬಿಟ್ಟ ಬಿರುಕೋ ಹೇಳುವುದು ಕಷ್ಟ. 1990ರ ದಶಕದ ಕೊನೆಯಲ್ಲಿ ಪರಿಸ್ಥಿತಿ ಬದಲಾಯಿತು. ದುಗ್ಧನಾಳದ ಗೋಡೆಯ ಕೋಶಗಳಲ್ಲಿ ಮುಖ್ಯವಾಗಿ ಕಾಣುವ ಕೆಲವು ಪ್ರೋಟೀನುಗಳು ಸಿಕ್ಕವು. ಲೈವ್-1, ಪ್ರಾಕ್ಸ್1, ಪೊಡೊಪ್ಲಾನಿನ್ ಅಂತ ಅವುಗಳ ಹೆಸರು. ಪೊಡೊಪ್ಲಾನಿನ್‌ಗೆ ಹೋಗಿ ಅಂಟುವ ಡಿ2-40 ಅನ್ನುವ ಆ್ಯಂಟಿಬಾಡಿ ಈಗ ನಮ್ಮಂಥ ಲ್ಯಾಬುಗಳ ಫ್ರಿಜ್ಜಿನಲ್ಲೂ ಇದೆ. ಅದನ್ನು ಹಾಕಿ ಬಣ್ಣ ಕಟ್ಟಿದರೆ ಅಲ್ಲಿಯ ತನಕ ಏನೂ ಇಲ್ಲ ಅನ್ನಿಸುತ್ತಿದ್ದ ಜಾಗದಲ್ಲಿ ಕಂದು ಉಂಗುರಗಳು ಎದ್ದು ಬರುತ್ತವೆ. ಗೋಡೆ ಪೆನ್ಸಿಲ್ ಗೀಟಿನಷ್ಟು ತೆಳು, ಆಕಾರ ಸೊಟ್ಟಪಟ್ಟ, ಒಳಗೆ ಕೆಂಪು ರಕ್ತಕಣ ಇಲ್ಲ. ಮೊದಲ ಸಲ ನೋಡಿದಾಗ ಅಸೆಲ್ಲಿಯವರ ನಾಯಿ ನೆನಪಾಗಿ ನನಗೆ ರೋಮಾಂಚನವಾಗಿತ್ತು.

ಇದೇ ಹೊತ್ತಿಗೆ ನಾಳಗಳನ್ನು ಬೆಳೆಸುವ ಸಂಕೇತವೂ ಗೊತ್ತಾಯಿತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಾರಿ ಅಲಿಟಾಲೋ ಅವರ ತಂಡ 1996ರಲ್ಲಿ ವಿಇಜಿಎಫ್-ಸಿ ಅನ್ನುವ ಪ್ರೋಟೀನನ್ನು ಗುರುತಿಸಿತು. ದುಗ್ಧನಾಳದ ಗೋಡೆಯ ಮೇಲೆ ವಿಇಜಿಎಫ್‌ಆರ್-3 ಅಂತ ಒಂದು ಬೀಗ ಇದೆ ಅಂದುಕೊಳ್ಳಿ. ಅದಕ್ಕೆ ಹೊಂದುವ ಕೀಲಿ ಈ ಪ್ರೋಟೀನು. ಕೀಲಿ ತಿರುಗಿದರೆ ನಾಳದ ಕೋಶಗಳು ಇಬ್ಭಾಗವಾಗಿ, ಕೀಲಿ ಬಂದ ಕಡೆಗೆ ಚಿಗುರಿಕೊಳ್ಳುತ್ತವೆ. ವಿಇಜಿಎಫ್-ಡಿ ಅಂತ ಇನ್ನೊಂದು ಕೀಲಿಯೂ ಉಂಟು. ಗರ್ಭದಲ್ಲಿ ಮಗು ಬೆಳೆಯುವಾಗ, ಗಾಯ ಮಾಯುವಾಗ, ಉರಿಯೂತ ಆದಾಗ ಮೈ ಈ ಕೀಲಿಗಳನ್ನು ಬಳಸುತ್ತದೆ. ಕ್ಯಾನ್ಸರ್ ಕೋಶವೂ, ಅದರ ಸುತ್ತ ಬಂದು ಸೇರುವ ಬಿಳಿ ರಕ್ತಕಣಗಳೂ ಇದೇ ಕೀಲಿಗಳನ್ನು ತಯಾರಿಸುತ್ತವೆ. 2001ರಲ್ಲಿ ಹಲವು ಗುಂಪುಗಳು ಇಲಿಗಳಲ್ಲಿ ಇದನ್ನು ತೋರಿಸಿದವು. ಗಡ್ಡೆಯಲ್ಲಿ ವಿಇಜಿಎಫ್-ಸಿ ಅಥವಾ ಡಿ ಜಾಸ್ತಿ ಮಾಡಿದರೆ ಸುತ್ತಲಿನ ದುಗ್ಧನಾಳ ಜಾಸ್ತಿಯಾಗುತ್ತದೆ, ನೋಡ್‌ಗೆ ಹರಡುವುದೂ ಜಾಸ್ತಿಯಾಗುತ್ತದೆ.

ಅಲ್ಲಿಂದ ಮುಂದೆ ಮನುಷ್ಯರ ಗಡ್ಡೆಗಳಲ್ಲಿ ಎಣಿಕೆ ಶುರುವಾಯಿತು. ಜಪಾನ್, ಚೀನಾ, ಯೂರೋಪಿನ ಆಸ್ಪತ್ರೆಗಳಲ್ಲಿ ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿಟ್ಟ ಹಳೆಯ ಪ್ಯಾರಾಫಿನ್ ಬ್ಲಾಕುಗಳನ್ನು ಹೊರತೆಗೆದು ಡಿ2-40 ಬಣ್ಣ ಹಾಕಿದರು. ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 85 ನಾನ್-ಸ್ಮಾಲ್ ಸೆಲ್ ಜಾತಿಯವು. ಇಂಥ ಕೆಲಸ ಹೆಚ್ಚಾಗಿ ನಡೆದದ್ದೂ ಅವುಗಳ ಮೇಲೆ. ಎಣಿಸುವ ಕ್ರಮ ಕೇಳಲು ಸರಳ. ಸಣ್ಣ ಲೆನ್ಸಿನಲ್ಲಿ ಸ್ಲೈಡನ್ನೆಲ್ಲ ನೋಡಿ ಉಂಗುರಗಳು ಗುಂಪುಗೂಡಿರುವ ಕೆಲವು ಜಾಗ ಹುಡುಕುವುದು, ದೊಡ್ಡ ಲೆನ್ಸ್ ಹಾಕಿ ಅಲ್ಲಿ ಎಷ್ಟಿವೆ ಅಂತ ಎಣಿಸುವುದು, ಸರಾಸರಿ ತೆಗೆಯುವುದು. ಅದಕ್ಕೆ ದುಗ್ಧನಾಳ ಸಾಂದ್ರತೆ ಅಂತ ಹೆಸರು. ಆಮೇಲೆ ಜಾಸ್ತಿ ಇದ್ದವರ ಮತ್ತು ಕಡಿಮೆ ಇದ್ದವರ ಮುಂದಿನ ವರ್ಷಗಳನ್ನು ಹೋಲಿಸುವುದು.

ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ದಿಕ್ಕು ಕಾಣುತ್ತದೆ. ನಾಳ ದಟ್ಟವಾಗಿದ್ದ ಗಡ್ಡೆಗಳು ನೋಡ್‌ಗೆ ಹರಡಿದ್ದು ಹೆಚ್ಚು. ಅಂಥವರು ಬದುಕಿದ ಕಾಲ ಸರಾಸರಿ ಕಡಿಮೆ. ವಿಇಜಿಎಫ್-ಸಿ ಜಾಸ್ತಿ ಇದ್ದ ಗಡ್ಡೆಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಆದರೆ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಸಂಬಂಧವೇ ಕಾಣಲಿಲ್ಲ ಅಂದವೂ ಇವೆ.

ಯಾಕೆ ಹೀಗೆ? ನನ್ನ ಕುರ್ಚಿಯಲ್ಲಿ ಕೂತು ಒಂದು ಸಲ ಎಣಿಸಿ ನೋಡಿದರೆ ಗೊತ್ತಾಗುತ್ತದೆ. ಪೊಡೊಪ್ಲಾನಿನ್ ದುಗ್ಧನಾಳದಲ್ಲಿ ಮಾತ್ರ ಇರುವುದಿಲ್ಲ. ಶ್ವಾಸಕೋಶದ ಗಾಳಿಚೀಲಗಳ ಒಳಪದರದಲ್ಲೂ ಇದೆ. ಹಾಗಾಗಿ ಗಡ್ಡೆಯ ಅಂಚಿನಲ್ಲಿ ಅಮುಕಿಹೋದ ಗಾಳಿಚೀಲಗಳೂ ಕಂದು ಗೆರೆಗಳಾಗಿ ಕಾಣುತ್ತವೆ. ಕೆಲವು ಕ್ಯಾನ್ಸರ್ ಕೋಶಗಳೇ ಕಂದಾಗುತ್ತವೆ, ಸ್ಕ್ವೇಮಸ್ ಜಾತಿಯಲ್ಲಿ ವಿಶೇಷವಾಗಿ. ಗಡ್ಡೆಯ ಸುತ್ತಲಿನ ನಾರುಕೋಶಗಳೂ ಕೆಲವೊಮ್ಮೆ ಕಂದಾಗುತ್ತವೆ. ಒಂದೇ ಸ್ಲೈಡನ್ನು ನಾನು ಎಣಿಸಿದರೆ ಬರುವ ಅಂಕಿ, ನನ್ನ ಸಹೋದ್ಯೋಗಿ ಎಣಿಸಿದರೆ ಬರುವ ಅಂಕಿ ಒಂದೇ ಆಗಿರುವುದಿಲ್ಲ. ಜೊತೆಗೆ ಎಷ್ಟಾದರೆ ಜಾಸ್ತಿ, ಎಷ್ಟಾದರೆ ಕಡಿಮೆ ಅನ್ನುವ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆದಿದ್ದಾರೆ. ಇದೇ ಕಾರಣಕ್ಕೆ ದುಗ್ಧನಾಳ ಸಾಂದ್ರತೆ ನಿಮ್ಮ ರಿಪೋರ್ಟಿನಲ್ಲಿ ಇರುವುದಿಲ್ಲ. ಬೇರೆ ಲ್ಯಾಬಿನಲ್ಲಿ ಅದೇ ಉತ್ತರ ಬರುತ್ತದೆ ಅನ್ನುವ ಭರವಸೆ ಇಲ್ಲದ ಅಂಕಿಯ ಮೇಲೆ ಯಾರಿಗೂ ಕೀಮೋ ಕೊಡುವ, ಬಿಡುವ ತೀರ್ಮಾನ ಮಾಡಬಾರದು. ಅದು ಸರಿಯಾದ ನಿಲುವು ಅಂತಲೇ ನಾನು ನಂಬುತ್ತೇನೆ.

ಎಲ್ಲಿಯ ನಾಳ ಎಣಿಸಬೇಕು ಅನ್ನುವುದೂ ಸಣ್ಣ ಪ್ರಶ್ನೆಯಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ರಾಕೇಶ್ ಜೈನ್ ಅವರ ತಂಡ 2002ರಲ್ಲಿ ಇಲಿಗಳ ಮೇಲೆ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಗಡ್ಡೆಯೊಳಗೆ ಕಾಣುವ ದುಗ್ಧನಾಳಗಳು ನಿಜವಾಗಿ ಏನನ್ನಾದರೂ ಸಾಗಿಸುತ್ತವಾ ಅಂತ ಅವರು ನೋಡಿದರು. ಇಲ್ಲ, ಸಾಗಿಸುತ್ತಿರಲಿಲ್ಲ. ಬೆಳೆಯುವ ಗಡ್ಡೆಯ ಒತ್ತಡಕ್ಕೆ ಸಿಕ್ಕು ಅವು ಚಪ್ಪಟೆಯಾಗಿದ್ದವು. ದ್ರವ ಹರಿಯುತ್ತಿದ್ದದ್ದು ಗಡ್ಡೆಯ ಅಂಚಿನ ನಾಳಗಳಲ್ಲಿ. ಕ್ಯಾನ್ಸರ್ ನೋಡ್‌ಗೆ ಹೋಗಲು ಅವೇ ಸಾಕಾಗಿದ್ದವು. ವಿಇಜಿಎಫ್-ಸಿ ಜಾಸ್ತಿ ಇದ್ದಾಗ ಅಂಚಿನ ಈ ನಾಳಗಳು ಅಗಲವಾಗುತ್ತಿದ್ದವು. ಮಳೆಗೆ ಕೊಚ್ಚಿ ಬಂದ ಮಣ್ಣಿನಡಿ ಹೂತುಹೋದ ಕಾಲುವೆಯನ್ನು ಲೆಕ್ಕಕ್ಕೆ ಹಿಡಿದು ಏನು ಪ್ರಯೋಜನ, ನೀರು ಹರಿಯುವುದು ಬದುವಿನ ಪಕ್ಕದ ಕಾಲುವೆಯಲ್ಲಿ, ಅಲ್ವಾ?

ರಿಪೋರ್ಟಿನಲ್ಲಿ ನಾವು ಬರೆಯುವುದು ಬೇರೆ ಒಂದು ಸಂಗತಿ. ನಾಳದೊಳಗೆ ಕ್ಯಾನ್ಸರ್ ಕೋಶ ಕಂಡಿತೋ ಇಲ್ಲವೋ ಅನ್ನುವುದು. ಎಲ್0 ಅಂದರೆ ಕಾಣಲಿಲ್ಲ, ಎಲ್1 ಅಂದರೆ ಕಂಡಿತು. ಕೆಲವು ಕಡೆ ರಕ್ತನಾಳ, ದುಗ್ಧನಾಳ ಎರಡನ್ನೂ ಸೇರಿಸಿ ಎಲ್‌ವಿಐ ಪಾಸಿಟಿವ್ ಅಂತ ಬರೆಯುತ್ತಾರೆ. ದಾರಿ ಎಷ್ಟಿದೆ ಅಂತ ಎಣಿಸುವುದಕ್ಕಿಂತ ದಾರಿಯಲ್ಲಿ ಯಾರನ್ನೋ ಕಂಡೆವು ಅನ್ನುವುದು ಗಟ್ಟಿ ಸಾಕ್ಷಿ. ಇದರಲ್ಲೂ ಮೋಸ ಹೋಗಬಹುದು. ಸ್ಲೈಡ್ ತಯಾರಾಗುವಾಗ ಮಾಂಸ ಕುಗ್ಗಿ, ಕ್ಯಾನ್ಸರ್ ಗುಂಪಿನ ಸುತ್ತ ಖಾಲಿ ಜಾಗ ಬಿಟ್ಟುಕೊಳ್ಳುತ್ತದೆ. ನೋಡಿದರೆ ಥೇಟ್ ನಾಳದೊಳಗೆ ಕೂತ ಹಾಗೆ. ಅನುಮಾನ ಬಂದರೆ ಡಿ2-40 ಹಾಕುತ್ತೇವೆ. ಸುತ್ತ ಕಂದು ಉಂಗುರ ಬಂದರೆ ನಾಳ, ಬರದಿದ್ದರೆ ಸುಮ್ನೆ ಬಿರುಕು. ನಮ್ಮ ದಿನನಿತ್ಯದ ಕೆಲಸದಲ್ಲಿ ಆ ಆ್ಯಂಟಿಬಾಡಿಯ ನಿಜವಾದ ಉಪಯೋಗ ಇದೇ.

ಎಲ್1 ಅಂತ ಇದ್ದು ನೋಡ್‌ಗಳೆಲ್ಲ ಎನ್0 ಇರಬಹುದು. ಅದರರ್ಥ ಕೋಶಗಳು ಕಾಲುವೆಗೆ ಇಳಿದಿವೆ, ಆದರೆ ಯಾವ ಜರಡಿಯಲ್ಲೂ ನಮಗೆ ಸಿಕ್ಕಿಲ್ಲ. ಇಂಥವರಲ್ಲಿ ಕ್ಯಾನ್ಸರ್ ಮರಳುವ ಸಂಭವ, ಎಲ್0 ಇದ್ದವರಿಗಿಂತ ಜಾಸ್ತಿ. ಆಪರೇಷನ್ ಆದಮೇಲೆ ಔಷಧಿ ಬೇಕಾ ಬೇಡವಾ ಅನ್ನುವ ತೂಗಾಟದಲ್ಲಿ ಗಡ್ಡೆಯ ಅಳತೆ, ಪ್ಲೂರಾ, ಜೀನ್ ಬದಲಾವಣೆಗಳ ಜೊತೆಗೆ ಆಂಕಾಲಜಿಸ್ಟ್ ಇದನ್ನೂ ತಕ್ಕಡಿಗೆ ಹಾಕುತ್ತಾರೆ. ಇದೊಂದರಿಂದಲೇ ಏನೂ ನಿರ್ಧಾರವಾಗುವುದಿಲ್ಲ.

ಜರಡಿಯಲ್ಲಿ ಸಿಕ್ಕಿಲ್ಲ ಅಂದೆನಲ್ಲ, ಆ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಬೇಕು. ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಈ ವಿಷಯದಲ್ಲೇ. ಎನ್0 ಅನ್ನುವ ಮಾತಿಗೆ ಬೆಲೆ ಬರುವುದು ಎಷ್ಟು ನೋಡ್ ಹುಡುಕಿದ್ದೇವೆ ಅನ್ನುವುದರಿಂದ. ಎರಡೇ ನೋಡ್ ನೋಡಿ ಎನ್0 ಅಂದರೆ ಅದು ಹುಡುಕದೆ ಇಲ್ಲ ಅಂದ ಹಾಗೆ. ಶ್ವಾಸಕೋಶದ ಒಳಗಿನ, ಬಾಗಿಲಿನ ನೋಡ್‌ಗಳು ಮೂರಾದರೂ, ಮೀಡಿಯಾಸ್ಟೈನಮ್‌ನವು ಮೂರಾದರೂ ಇರಬೇಕು, ಅದರಲ್ಲಿ 7ನೇ ಸ್ಟೇಷನ್ ಸೇರಿರಲೇಬೇಕು ಅಂತ ಅಂತರರಾಷ್ಟ್ರೀಯ ಮಟ್ಟದ ಸಲಹೆ ಇದೆ. ಅಮೆರಿಕದ ಮೆಂಫಿಸ್‌ನಲ್ಲಿ ಪರೀಕ್ಷೆ ಮುಗಿದು ಬಿಸಾಡಲು ಇಟ್ಟಿದ್ದ ಶ್ವಾಸಕೋಶದ ತುಂಡುಗಳನ್ನು ಮತ್ತೆ ಬಿಡಿಸಿ ನೋಡಿದರು. 2012ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಒಂಬತ್ತು ತುಂಡುಗಳಲ್ಲಿ ಮೊದಲ ಸಲ ಕೈಗೆ ಸಿಗದ ನೋಡ್‌ಗಳು ಉಳಿದಿದ್ದವು. ಎನ್0 ಅಂತ ರಿಪೋರ್ಟ್ ಹೋಗಿದ್ದ ಕೆಲವರ ಉಳಿದ ನೋಡ್‌ನಲ್ಲಿ ಕ್ಯಾನ್ಸರ್ ಇತ್ತು. ಆ ಲೇಖನ ಓದಿದ ಮೇಲೆ ನಾನು ಕೊಬ್ಬನ್ನು ಹಿಸುಕಿ ನೋಡುವ ರೀತಿಯೇ ಬದಲಾಯಿತು.

ಕ್ಯಾನ್ಸರ್ ಸ್ಟಾಪ್ ಬಿಟ್ಟು ಸ್ಟಾಪ್ ಹಾರುವುದೂ ಉಂಟು. ಎನ್1 ದಾಟದೆ ನೇರ ಎನ್2ಕ್ಕೆ ಹೋಗಿರುತ್ತದೆ. ಇದಕ್ಕೆ ಕಾರಣ ನಾಳಗಳ ಜೋಡಣೆಯಲ್ಲೇ ಇದೆ. ಪ್ಯಾರಿಸ್‌ನ ಮಾರ್ಕ್ ರಿಕೆ ಮತ್ತು ಜೊತೆಗಾರರು 260 ಶವಗಳ ಶ್ವಾಸಕೋಶದ ಹೊರಪೊರೆಗೆ ಬಣ್ಣ ಚುಚ್ಚಿ, ಅದು ಎಲ್ಲಿಗೆ ಹರಿಯುತ್ತದೆ ಅಂತ ಬಿಡಿಸಿ ನೋಡಿದರು. 1989ರ ಕೆಲಸ ಅದು. ಸುಮಾರು ಕಾಲು ಭಾಗ ಕಡೆಗಳಲ್ಲಿ ಬಣ್ಣ ಶ್ವಾಸಕೋಶದ ನೋಡ್‌ಗಳನ್ನು ಮುಟ್ಟದೆ ಸೀದಾ ಮೀಡಿಯಾಸ್ಟೈನಮ್‌ಗೆ ಹೋಗಿತ್ತು. ಎಡ ಶ್ವಾಸಕೋಶದ ಕೆಳಭಾಗದಿಂದ ಬಲಕ್ಕೆ ದಾಟುವ ನಾಳಗಳೂ ಇವೆ. ಹತ್ತಿರದ ನೋಡ್ ಚೆನ್ನಾಗಿದೆ, ದೂರದ್ದನ್ನು ನೋಡುವ ಅಗತ್ಯ ಇಲ್ಲ ಅನ್ನುವ ಲೆಕ್ಕ ಶ್ವಾಸಕೋಶದಲ್ಲಿ ನಡೆಯುವುದಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಗೋಜಲು ಸೇರಿಕೊಳ್ಳುತ್ತದೆ. ಕ್ಷಯ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಹೊಸದಾಗಿ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾದವರು ಸುಮಾರು 81 ಸಾವಿರ. ಕ್ಷಯ ಬರುವವರ ಸಂಖ್ಯೆ ಅದರ ಎಷ್ಟೋ ಪಟ್ಟು. ಕ್ಷಯ ಬಂದು ಹೋದವರ ಎದೆಯ ನೋಡ್‌ಗಳು ಊದಿಕೊಂಡಿರುತ್ತವೆ. ಪೆಟ್-ಸಿಟಿ ಸ್ಕ್ಯಾನಿನಲ್ಲಿ ಥೇಟ್ ಕ್ಯಾನ್ಸರಿನ ಹಾಗೆ ಹೊಳೆಯುತ್ತವೆ. ಸ್ಕ್ಯಾನ್ ನೋಡಿ "ನೋಡ್‌ಗೆ ಹರಡಿದೆ, ಆಪರೇಷನ್ ಆಗಲ್ಲ" ಅಂದುಕೊಂಡು ವಾಪಸ್ ಹೋದವರ ನೋಡ್‌ನಲ್ಲಿ ಬರೀ ಕ್ಷಯದ ಗುರುತು ಇರಬಹುದು. ಅದಕ್ಕೇ ಹೊಳೆಯುವ ನೋಡ್‌ಗೆ ಸೂಜಿ ಹಾಕಿ ನೋಡಲೇಬೇಕು. ಗಂಟಲ ಮೂಲಕ ಅಲ್ಟ್ರಾಸೌಂಡ್ ಇರುವ ಸಣ್ಣ ಪೈಪ್ ಇಳಿಸಿ, ಶ್ವಾಸನಾಳದ ಗೋಡೆಯಾಚೆಯ ನೋಡ್‌ನಿಂದ ಸೂಜಿಯಲ್ಲಿ ಸ್ವಲ್ಪ ತೆಗೆಯುವ ವಿಧಾನ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಈಬಸ್ ಅನ್ನುತ್ತಾರೆ. ಆ ಸ್ಲೈಡಿನಲ್ಲಿ ಕ್ಷಯದ ಕೋಶಗುಚ್ಛ ಕಂಡು, ಕ್ಯಾನ್ಸರ್ ಇಲ್ಲ ಅಂತ ಬರೆದು ಸಹಿ ಹಾಕುವ ದಿನ ಮನಸ್ಸಿಗೆ ತುಂಬ ಹಗುರ. ಕ್ಷಯಕ್ಕೆ ಮಾತ್ರೆ ಇದೆಯಲ್ಲ.

ಹೊಸ ನಾಳ ಬೆಳೆಯದಂತೆ ತಡೆದರೆ ಹರಡುವುದೂ ನಿಲ್ಲಬೇಕಲ್ಲವೇ? ಇಲಿಗಳಲ್ಲಿ ಕೀಲಿಯನ್ನು, ಬೀಗವನ್ನು ಅಡ್ಡಗಟ್ಟಿದಾಗ ನೋಡ್‌ಗೆ ಹರಡುವುದು ಕಡಿಮೆಯಾಯಿತು. ಮನುಷ್ಯರಲ್ಲಿ ಆ ಆಸೆ ಈವರೆಗೆ ಕೈಗೂಡಿಲ್ಲ. ಬೆವಾಸಿಜುಮ್ಯಾಬ್ ಅನ್ನುವ ಔಷಧಿ ತಡೆಯುವುದು ಮುಖ್ಯವಾಗಿ ರಕ್ತನಾಳ ಬೆಳೆಸುವ ವಿಇಜಿಎಫ್-ಎಯನ್ನು. ನಿಂಟೆಡಾನಿಬ್ ಅನ್ನುವ ಮಾತ್ರೆ ವಿಇಜಿಎಫ್‌ಆರ್-3 ಸೇರಿ ಹಲವು ಬೀಗಗಳನ್ನು ಒಟ್ಟಿಗೆ ಮುಚ್ಚುತ್ತದೆ. ಯೂರೋಪಿನಲ್ಲಿ 2014ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅಡಿನೊಕಾರ್ಸಿನೋಮ ಅನ್ನುವ ಜಾತಿಯ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ, ಮೊದಲ ಕೀಮೋ ಕೆಲಸ ಮಾಡದೆ ಹೋದಮೇಲೆ, ಡೊಸಿಟಾಕ್ಸೆಲ್ ಅನ್ನುವ ಕೀಮೋ ಔಷಧಿ ಜೊತೆ ಕೊಟ್ಟಾಗ ಬದುಕು ಸುಮಾರು ಎರಡು ತಿಂಗಳು ಹಿಗ್ಗಿತು. ದುಗ್ಧನಾಳವನ್ನೇ ಗುರಿ ಮಾಡಿಕೊಂಡ ಔಷಧಿ ಶ್ವಾಸಕೋಶದ ಕ್ಯಾನ್ಸರಿಗೆ ದಿನಬಳಕೆಗೆ ಬಂದಿಲ್ಲ. ಯೋಚಿಸಿದರೆ ಕಾರಣವೂ ಹೊಳೆಯುತ್ತದೆ. ಗಡ್ಡೆ ಇದೆ ಅಂತ ಗೊತ್ತಾಗುವ ಹೊತ್ತಿಗೆ ಎಷ್ಟೋ ಜನರಲ್ಲಿ ಕೋಶಗಳು ದಾರಿ ಹಿಡಿದು ಹೋಗಿಯಾಗಿರುತ್ತವೆ. ಬೀಜ ಹಾರಿದ ಮೇಲೆ ಬೇಲಿ ಕಟ್ಟಿದ ಹಾಗೆ.

ಇದರಲ್ಲಿ ಇನ್ನೊಂದು ತಿರುವು ಇದೆ. ಈಚಿನ ವರ್ಷಗಳಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆದದ್ದು ಅದು. ದುಗ್ಧನಾಳ ಕ್ಯಾನ್ಸರಿಗೆ ಮಾತ್ರ ದಾರಿಯಲ್ಲ, ಕಾವಲುಗಾರರಿಗೂ ಅದೇ ದಾರಿ. ಡೆಂಡ್ರಿಟಿಕ್ ಕೋಶ ಅನ್ನುವ ಕಾವಲುಗಾರ ಗಡ್ಡೆಯ ಚೂರನ್ನು ಹಿಡಿದುಕೊಂಡು ಇದೇ ನಾಳದಲ್ಲಿ ನೋಡ್‌ಗೆ ಓಡುತ್ತದೆ. ಅಲ್ಲಿ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳಿಗೆ ತೋರಿಸುತ್ತದೆ, ಇಂಥವನನ್ನು ಹುಡುಕಿ ಕೊಲ್ಲಿ ಅಂತ. ನೋಡ್ ಅಂದರೆ ಟಿ ಕೋಶಗಳ ಪಾಠಶಾಲೆ. ಮೈಯ ಸ್ವಂತ ಕಾವಲನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಔಷಧಿಗಳ ಆಸರೆಯೇ ಈ ಟಿ ಕೋಶಗಳು. ಚರ್ಮದ ಕ್ಯಾನ್ಸರ್ ಆದ ಮೆಲನೋಮಾದಲ್ಲಿ 2017ರ ಒಂದು ಕೆಲಸ ಅಚ್ಚರಿ ತಂದಿತು. ದುಗ್ಧನಾಳ ಜಾಸ್ತಿ ಬೆಳೆಸಿಕೊಂಡಿದ್ದ ಗಡ್ಡೆಗಳೇ ಇಮ್ಯುನೋಥೆರಪಿಗೆ ಹೆಚ್ಚು ಚೆನ್ನಾಗಿ ಮಣಿದವು. ಬೇಗ ಹರಡುವ ಗುಣವೂ ಚಿಕಿತ್ಸೆಗೆ ಸಿಗುವ ಗುಣವೂ ಒಂದೇ ನಾಳದಲ್ಲಿ. ಹಾಗಾದರೆ ನಾಳ ಜಾಸ್ತಿ ಇದ್ದರೆ ಕೆಟ್ಟದ್ದು ಅನ್ನುವ ಹಳೆಯ ಲೆಕ್ಕವನ್ನು ಹೊಸ ಔಷಧಿ ಪಡೆದವರಲ್ಲಿ ಮತ್ತೆ ಮಾಡಬೇಕಾಗುತ್ತದೆ. ಪ್ರೊಗ್ನೋಸಿಸ್, ಅಂದರೆ ರೋಗ ಮುಂದೆ ಹೇಗೆ ಸಾಗುತ್ತದೆ ಅನ್ನುವ ಅಂದಾಜು, ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಚಿಕಿತ್ಸೆ ಬದಲಾದ ಹಾಗೆ ಅದೂ ಬದಲಾಗುತ್ತದೆ.

ಆಪರೇಷನ್‌ಗೆ ಮೊದಲೇ, ಗಡ್ಡೆಯೂ ನೋಡ್‌ಗಳೂ ಮೈಯಲ್ಲಿ ಇರುವಾಗಲೇ ಔಷಧಿ ಕೊಡುವ ಯೋಚನೆಗೆ ಇದರಿಂದ ಬಲ ಬಂತು. 2022ರಲ್ಲಿ ಬಂದ ಚೆಕ್‌ಮೇಟ್ 816 ಅನ್ನುವ ಪರೀಕ್ಷೆಯಲ್ಲಿ ಕೆಲವರಿಗೆ ಬರೀ ಕೀಮೋ, ಕೆಲವರಿಗೆ ಕೀಮೋ ಜೊತೆ ನಿವೊಲುಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧಿ ಕೊಟ್ಟು ಆಮೇಲೆ ಆಪರೇಷನ್ ಮಾಡಿದರು. ತೆಗೆದ ಶ್ವಾಸಕೋಶದಲ್ಲೂ ನೋಡ್‌ಗಳಲ್ಲೂ ಒಂದೇ ಒಂದು ಜೀವಂತ ಕ್ಯಾನ್ಸರ್ ಕೋಶ ಸಿಗದವರು ಬರೀ ಕೀಮೋ ಗುಂಪಿನಲ್ಲಿ ನೂರಕ್ಕೆ 2.2. ನಿವೊಲುಮ್ಯಾಬ್ ಸೇರಿದ ಗುಂಪಿನಲ್ಲಿ ನೂರಕ್ಕೆ 24.

ಇಂಥ ಚಿಕಿತ್ಸೆ ಆದವರ ಡಬ್ಬಿಗಳು ಈಗ ನಮ್ಮ ಲ್ಯಾಬಿಗೂ ಬರುತ್ತವೆ. ಈಚೆಗೆ ಒಂದು ಬಂದಿತ್ತು. ಮೊದಲ ಈಬಸ್ ಸೂಜಿಯಲ್ಲಿ 7ನೇ ಸ್ಟೇಷನ್‌ನಲ್ಲಿ ಕ್ಯಾನ್ಸರ್ ಇದೆ ಅಂತ ಬರೆದವಳು ನಾನೇ. ಈಗ ಅದೇ ನೋಡ್ ಹಲಗೆ ಮೇಲಿತ್ತು, ಹುಣಸೆಬೀಜದಷ್ಟು. ಪೂರ್ತಿ ಹೋಳು ಮಾಡಿ, ಒಂದೂ ಬಿಡದೆ ಬ್ಲಾಕಿಗೆ ಹಾಕಿದೆವು. ಮಾರನೇ ದಿನ ಸ್ಲೈಡ್ ನೋಡಲು ಕೂತೆ. ಕ್ಯಾನ್ಸರ್ ಇದ್ದಿರಬೇಕಾದ ಜಾಗದಲ್ಲಿ ಗಾಯ ಮಾಯ್ದ ಗುಲಾಬಿ ನಾರು, ಸತ್ತ ಕೋಶಗಳನ್ನು ನುಂಗಿ ನೊರೆನೊರೆಯಾದ ಬಿಳಿ ರಕ್ತಕಣಗಳು, ಸುತ್ತ ಟಿ ಕೋಶಗಳ ದಟ್ಟ ಗುಂಪು. ಇನ್ನೂ ಆಳಕ್ಕೆ ಕೊಯ್ಯಿಸಿ ಮತ್ತೆ ನೋಡಿದೆ. ಜೀವಂತ ಕ್ಯಾನ್ಸರ್ ಕೋಶ ಒಂದೂ ಸಿಗಲಿಲ್ಲ. ಮಸಿ ಮಾತ್ರ ಇದ್ದಲ್ಲೇ ಇತ್ತು.